ಹಾಡಿನ ಹಿಂದಿನ ರೈಲು

ಎರಡು ಸಿ.ಡಿ.ಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಹಿಂತಿರುಗಿಸುವುದು ಎಂಬ ಮಹತ್ವದ ತೀರ್ಮಾನಕ್ಕೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರ ಮನೆಯಲ್ಲಿ ಗಡುವು ಗೊತ್ತಾಗಿತ್ತು: ಬರುವ ಅಮಾವಾಸ್ಯೆ. ಬೀದಿಯವರಿಗೆ ಇದರ ಸುಳಿವಿರಲಿಲ್ಲ. ಮನೆಯವರಿಗೂ ಇರಲಿಲ್ಲ. ಗೊತ್ತಿದ್ದದ್ದು ನಂದಕುಮಾರನೊಬ್ಬನಿಗೆ, ಮತ್ತು ಅವನಿಗೆ ಕೆಲವು ದಿನಗಳಿಂದ ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ತೂಗಿ ನೋಡಿದವನಲ್ಲ. ಅಲ್ಲಿ ಒಂದೇ ಹೆಣ್ಣಿತ್ತು, ಅಪ್ಪ ಹೂಂ ಅಂದಿದ್ದರು, ಮುಗಿದಿತ್ತು. ಇಲ್ಲಿ ಎರಡಿದ್ದವು, ಹೂಂ ಅನ್ನಬೇಕಾದವನು ಅವನೇ ಆಗಿದ್ದ. ಮೊದಲನೆಯ ಸಿ.ಡಿ.ಯ ಸಾಫ್ಟ್‌ವೇರು ಹಾಡಿನ ಹಿಂದಿರುವ ಬೇಡದ ಸದ್ದನ್ನು ಸೋಸಿ ತೆಗೆಯುತ್ತದಂತೆ. ಎರಡನೆಯದು ಒಂದರ ಮೇಲೊಂದು ಎಂಟು ಪದರ ಧ್ವನಿ ಕೂರಿಸುತ್ತದಂತೆ. ಒಬ್ಬನೇ ಎಂಟು ಜನರಾಗಿ ಹಾಡಿಕೊಳ್ಳಬಹುದು. ಎರಡನ್ನೂ ಹಾಕಿಕೊಳ್ಳೋಣವೆಂದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಜಾಗವಿಲ್ಲ. ಅದು ಹಾಡಿಗೆಂದು ಬಂದ ಕಂಪ್ಯೂಟರೇ ಅಲ್ಲ. ಸೀರೆಯ ಅಂಚು, ಸೆರಗುಗಳ ಡಿಸೈನ್ ಬರೆಯುವುದಕ್ಕೆ ಇನ್ನು ಮುಂದೆ ಇದೇ ಅಂತ ಯಾರೋ ಹೇಳಿದ್ದರಿಂದ ಅಪ್ಪ ಕೋದಂಡರಾಮಯ್ಯನವರು ತರಿಸಿದ್ದು. ಅದರೊಳಗೆ ನವಿಲು, ಮಾವಿನಕಾಯಿ, ಗೋಪುರ, ರುದ್ರಾಕ್ಷಿ ತುಂಬಿಕೊಂಡು ಉಳಿದ ಜಾಗ ಒಂದು ಸಾಫ್ಟ್‌ವೇರಿಗೆ, ಒಂದೆರಡು ಹಾಡಿಗೆ ಸಾಲುವಷ್ಟು. ಒಂದೇ ಒಂದು ನವಿಲನ್ನು ಅಳಿಸಿದರೂ ಅಪ್ಪನಿಗೆ ಗೊತ್ತಾಗಿಬಿಡುತ್ತಿತ್ತು. ಅಪ್ಪನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ, ನವಿಲು ಬರುತ್ತಿತ್ತು.

ಕಂಪ್ಯೂಟರ್ ಇದ್ದದ್ದು ನೂಲು ಇಡುವ ಕೋಣೆಯಲ್ಲಿ, ಹಳೆಯ ಸೀರೆಯೊಂದನ್ನು ಹೊದ್ದುಕೊಂಡು. ಅದರ ಹಿಂದಿನ ಗೋಡೆಯಾಚೆ ನಾಲ್ಕು ಪವರ್‌ಲೂಮುಗಳು. ನಂದಕುಮಾರ್ ಸೀರೆ ಸರಿಸಿ, ಪರದೆ ಬೆಳಗುವವರೆಗೆ ಅಂಗೈಯಿಂದ ಗೋಡೆಯನ್ನು ಮುಟ್ಟಿಕೊಂಡು ಕೂರುತ್ತಿದ್ದ. ಗೋಡೆ ಮಿಡಿಯುತ್ತಿತ್ತು. ಲಟಕ್ಕು ಪಟಕ್ಕು, ಲಟಕ್ಕು ಪಟಕ್ಕು. ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಹಲ್ಲಿನ ಬೇರಿಗೆ. ಈ ಮನೆಯಲ್ಲಿ ಯಾರಿಗೂ ಕೇಳಿಸದ ಸದ್ದು ಅದು. ಮೂವತ್ತರ ಹತ್ತಿರ ಬರುವವರೆಗೆ ಅವನಿಗೂ ಕೇಳಿಸಿರಲಿಲ್ಲ. ಆಗ ಅವನೂ ಗೆಳೆಯ ಚೌಡೇಶನೂ ಇದೇ ಕೋಣೆಯಲ್ಲಿ ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಇಟ್ಟುಕೊಂಡು, ಒಂದರಲ್ಲಿ ಚೌಡೇಶನ ಹಾರ್ಮೋನಿಯಂ ಹಾಕಿ, ಅದರ ಜೊತೆಗೆ ಹಾಡಿ ಇನ್ನೊಂದರಲ್ಲಿ ಹಿಡಿಯುತ್ತಿದ್ದರು. ಹಾಡು ನಂದಕುಮಾರನೇ ಕಟ್ಟಿದ್ದು. ಕ್ಯಾಸೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಬೆಂಗಳೂರಿಗೆ, ಗಾಂಧಿನಗರದ ಒಂದು ಕ್ಯಾಸೆಟ್ ಕಂಪನಿಗೆ ಒಯ್ದಿದ್ದರು. ಎಲೆಯಡಿಕೆ ಜಗಿಯುತ್ತಿದ್ದ ಆಸಾಮಿ ಕಣ್ಣು ಮುಚ್ಚಿಕೊಂಡು ಕೇಳಿದ. ಆ ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ನಂದಕುಮಾರ್ ತನ್ನ ಹೆಸರು ಕ್ಯಾಸೆಟ್ಟಿನ ಕಾಗದದ ಮೇಲೆ ಯಾವ ಬಣ್ಣದಲ್ಲಿರಬೇಕು ಎಂಬುದರವರೆಗೆ ಹೋಗಿದ್ದ. ಕಣ್ಣು ತೆರೆದ ಆಸಾಮಿ, "ಹಾಡೇನೋ ಇದೆ ಕಣಪ್ಪಾ. ಹಿಂದೆ ರೈಲು ಹೋಗ್ತಾ ಇದೆಯಲ್ಲ, ಅದ್ಯಾವ ರೈಲು? ಹಳಿ ಪಕ್ಕದಲ್ಲೇನು ಮನೆ?" ಅಂದ. "ಇಲ್ಲ ಸಾರ್, ನಮ್ಮನೆ ಹತ್ರ ರೈಲಿಲ್ಲ" ಎಂದು ನಂದಕುಮಾರ್ ಪ್ರಾಮಾಣಿಕವಾಗಿ ಹೇಳಿದ. ಆಸಾಮಿ ಸ್ಪೀಕರಿನ ಗುಂಡಿ ತಿರುಗಿಸಿ ಇಡೀ ಆಫೀಸಿಗೆ ಕೇಳಿಸಿದ. ಟೈಪ್ ಮಾಡುತ್ತಿದ್ದ ಹುಡುಗಿಯರಿಬ್ಬರು ಬೆರಳು ನಿಲ್ಲಿಸಿ ಬಾಯಿಗೆ ಸೆರಗು ಹಿಡಿದರು. "ಇಲ್ಲ ಸಾರ್, ನಿಜವಾಗ್ಲೂ ಇಲ್ಲ" ಎಂದು ಅವನು ಇನ್ನೊಮ್ಮೆ ಹೇಳಿದ್ದ. ಆ ಇನ್ನೊಮ್ಮೆಯನ್ನು ನೆನೆದಾಗ ಈಗಲೂ ಕಿವಿ ಬಿಸಿಯಾಗುತ್ತದೆ. ವಾಪಸು ಬರುವಾಗ ಬಸ್ಸು ಯಲಹಂಕದಲ್ಲಿ ನಿಂತು ಎಂಜಿನ್ ಆರಿದಾಗ, ಆ ಮೌನದಲ್ಲಿ, ಅದು ಮಗ್ಗ ಎಂದು ಹೊಳೆಯಿತು. ಪಕ್ಕದಲ್ಲಿ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡ ಚೌಡೇಶ, "ಎಂಥ ರೈಲು ಲೇ ಅದು?" ಎಂದು ಕೇಳಿದ. "ನಿನ್ನ ಹಾರ್ಮೋನಿಯಂ ತಿದಿ ಸೋರ್ತಾ ಇದೆ ಕಣೋ, ಅದೇ ಸದ್ದು" ಎಂದು ನಂದಕುಮಾರ್ ಹೇಳಿದ. ಯಾಕೆ ಹಾಗೆ ಹೇಳಿದನೋ. ಮಗ್ಗ ಅಪ್ಪನದು, ಮನೆಯದು, ತನ್ನದು. ಹಾರ್ಮೋನಿಯಂ ಚೌಡೇಶನದು, ಅಷ್ಟೇ ಇರಬೇಕು. ಚೌಡೇಶ ಅದನ್ನು ಮಾರಿದ. ಟೇಪ್‌ರೆಕಾರ್ಡರು ಅಟ್ಟ ಸೇರಿತು. ಸದ್ದು ಮಾತ್ರ ಅಂದು ಬಸ್ಸಿಳಿದು ಬೀದಿಯ ತಿರುವಿಗೆ ಬರುತ್ತಿದ್ದಂತೆ ಶುರುವಾದದ್ದು ಇನ್ನೂ ನಿಂತಿಲ್ಲ.

ಚೌಡೇಶ ಈಗ ಬಸ್ ಸ್ಟ್ಯಾಂಡಿನ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದಾನೆ. ಎರಡು ಸಿ.ಡಿ.ಗಳನ್ನೂ ತಲೆಗೆ ಹಾಕುವ ಹೆಡ್‌ಫೋನನ್ನೂ ಕೊಟ್ಟವನು ಅವನೇ. ಕಂಪ್ಯೂಟರ್ ಬಂದ ಸುದ್ದಿ ಕೇಳಿದ ದಿನವೇ, "ಗುರು, ಅದರಲ್ಲಿ ಹಾಡೂ ಹಿಡೀಬಹುದಂತೆ" ಎಂದು ಅವನು ಹೇಳಿ ಹೋದ ಮೇಲೆ ನಂದಕುಮಾರನ ಒಳಗೆ ಎಂದೋ ಕಟ್ಟಿಟ್ಟದ್ದೊಂದು ಗಂಟು ತಾನಾಗಿ ಸಡಿಲಗೊಂಡಿತ್ತು. ಹೆಸರು, ಬಣ್ಣದ ಕಾಗದ ಯಾವುದೂ ಅಲ್ಲ. ಒಂದೇ ಒಂದು ಹಾಡು, ಅದೇ ಹಳೆಯ ಹಾಡು, ಹಿಂದೆ ರೈಲಿಲ್ಲದ್ದು. ಅದನ್ನು ಒಮ್ಮೆ ಕೇಳಿಬಿಟ್ಟರೆ ತನ್ನೊಳಗೆ ಮಗ್ಗವಲ್ಲದೆ ಬೇರೆ ಏನಾದರೂ ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತು.

"ಯಾವುದಾಯ್ತು ಗುರು?" ಅಂಗಡಿಯಲ್ಲಿ ಚೌಡೇಶ ಕೇಳಿದ.

"ಮೊದಲನೇದು ಹಾಕಿದೀನಿ. ನೋಡ್ತಾ ಇದೀನಿ."

"ನೋಡೋದೇನೋ, ಅದು ಸಿನಿಮಾನಾ? ನನ್ನ ಮಾತು ಕೇಳು, ಎರಡನೇದು ಇಟ್ಕೋ. ಎಂಟು ಪದರ ಕಣೋ! ಅವತ್ತು ಎರಡು ಪದರಕ್ಕೆ ಹೆಂಗೆ ಒದ್ದಾಡಿ ಸತ್ವು ನಾವು."

"ಅದು ಸದ್ದು ತೆಗೆಯಲ್ವಲ್ಲ."

"ಯಾವ ಸದ್ದು ಲೇ? ಹಾರ್ಮೋನಿಯಂ ಮಾರಿ ಯಾವ ಕಾಲ ಆಯ್ತು!" ಚೌಡೇಶ ಜೋರಾಗಿ ನಕ್ಕ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವನ ನಗು ಅದು. ನಂದಕುಮಾರ್ ಅದನ್ನು ನೋಡಲಾಗದೆ ಗೋಡೆಗೆ ಜೋಡಿಸಿದ್ದ ಕ್ಯಾಸೆಟ್ಟುಗಳ ಹೆಸರು ಓದತೊಡಗಿದ. ಈಗ ಹೇಳಿಬಿಡಬಹುದು. ಹೇಳಿದರೆ ಹಾರ್ಮೋನಿಯಂ ವಾಪಸು ಬರುವುದಿಲ್ಲ, ಸುಳ್ಳು ಮಾತ್ರ ವಾಪಸು ಬರುತ್ತದೆ ಎಂದುಕೊಂಡು, ಬಾಯಿ ತೆರೆದವನು ಆಕಳಿಸಿದ. "ಒಂದ್ ಮಾತು," ಚೌಡೇಶ ಹೇಳಿದ, "ಅಮಾವಾಸ್ಯೆ ಆದ್ಮೇಲೆ ಒಂದು ಸಿ.ಡಿ., ಹೆಡ್‌ಫೋನು ವಾಪಸ್ ಬರ್ಬೇಕು. ಸೂಲಿಬೆಲೆ ಆರ್ಕೆಸ್ಟ್ರಾದೋರು ಪ್ರಾಣ ತಿಂತಾ ಇದಾರೆ."

ಮೊದಲನೆಯ ಸಾಫ್ಟ್‌ವೇರಿನ ಕ್ರಮ ವಿಚಿತ್ರವಾಗಿತ್ತು. ಯಾವುದನ್ನು ತೆಗೆಯಬೇಕೋ ಅದನ್ನೇ ಮೊದಲು ಅದಕ್ಕೆ ಒಂಟಿಯಾಗಿ ಕೇಳಿಸಬೇಕು. ನಂದಕುಮಾರ್ ಬಾಯಿ ಬಿಗಿಹಿಡಿದುಕೊಂಡು ಕಂಪ್ಯೂಟರಿನ ಮೈಕನ್ನು ಗೋಡೆಯ ಕಡೆ ತಿರುಗಿಸಿ ಬರೀ ಮಗ್ಗವನ್ನು ಹಿಡಿದ. ಆಮೇಲೆ ಹಾಡಿದ. ಆಮೇಲೆ ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ತುಂಬುತ್ತ ಹೋಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಮಗ್ಗ ನಿಜಕ್ಕೂ ಇರಲಿಲ್ಲ, ಆದರೆ ಹಾಡುತ್ತಿದ್ದವನೂ ಇದ್ದಂತಿರಲಿಲ್ಲ. ತಾಮ್ರದ ಹಂಡೆಯೊಳಗಿಂದ, ಅದೂ ನೀರು ತುಂಬಿದ ಹಂಡೆಯೊಳಗಿಂದ, ಯಾರೋ ಏನನ್ನೋ ವಿವರಿಸಲು ನೋಡುತ್ತಿದ್ದ. ಇನ್ನೊಮ್ಮೆ ಮಾಡಿದ. ಪ್ರತಿ ಸಲವೂ ಮಗ್ಗದ ಜೊತೆಗೆ ಧ್ವನಿಯ ಮೂಳೆಗಳೂ ಕಳಚಿ ಹೋಗುತ್ತಿದ್ದವು. ಕಾಫಿ ತಂದ ಹೆಂಡತಿ ವಾಣಿಶ್ರೀ, "ಮಾವ ಡಿಸೈನ್ ಆಯ್ತಾ ಅಂತ ಕೇಳ್ತಿದಾರೆ ರೀ" ಎನ್ನುತ್ತ, ಮೇಜಿನ ಮೇಲಿಟ್ಟ ಹೆಡ್‌ಫೋನನ್ನು ಕುತೂಹಲಕ್ಕೆ ಕಿವಿಗೆ ಹಿಡಿದಳು. ಅವಳ ಹುಬ್ಬು ಸೇರಿದವು. "ಯಾರ್ರೀ ಇದು? ಪಾಪ, ಬಾವೀಲಿ ಬಿದ್ದೋನು ಕೂಗ್ತಿರೋ ಹಾಗಿದೆ." "ಯಾರೂ ಇಲ್ಲ" ಎಂದ ನಂದಕುಮಾರ್. ಆ ಕ್ಷಣವೇ ಕರೆಂಟ್ ಹೋಯಿತು. ನಾಲ್ಕೂ ಮಗ್ಗಗಳು ಒಟ್ಟಿಗೆ ಉಸಿರು ಬಿಟ್ಟು ನಿಂತವು. ಬೀದಿಯ ಮಗ್ಗಗಳೆಲ್ಲ ನಿಂತವು. ಅವನು ವರ್ಷಗಟ್ಟಲೆ ಬಯಸಿದ ಮೌನ ಕಿಟಕಿಯಿಂದ ಒಳಗೆ ಬಂತು, ಮತ್ತು ಅವನ ಮುಂದೆ ಕಂಪ್ಯೂಟರು ಕಪ್ಪಗೆ ಸತ್ತು ಕೂತಿತ್ತು. ಕರೆಂಟ್ ಇದ್ದರೆ ಮಗ್ಗ, ಕರೆಂಟ್ ಇಲ್ಲದಿದ್ದರೆ ಕಂಪ್ಯೂಟರಿಲ್ಲ. ಕಾಫಿಯಲ್ಲಿ ಕೆನೆ ಕಟ್ಟುವುದನ್ನು ನೋಡುತ್ತ ಅವನು ಕೂತೇ ಇದ್ದ.

ರಾತ್ರಿ ಪಾಳಿಯಲ್ಲೂ ಬೀದಿಯ ಮಗ್ಗಗಳು ನಡೆಯುತ್ತಿದ್ದವು. ಉಳಿದದ್ದು ಅಮಾವಾಸ್ಯೆ. ಆ ದಿನ ಈ ಬೀದಿಯಲ್ಲಿ ಯಾರೂ ಮಗ್ಗ ಹಾಕುವುದಿಲ್ಲ. ಅದು ಅಮ್ಮನವರ ದಿನ, ನೇಕಾರರ ಮನೆದೇವರು ಚೌಡಮ್ಮನ ದಿನ. ಕರೆಂಟ್ ಕೂಡ ಆ ದಿನ ತಪ್ಪದೆ ಇರುತ್ತಿತ್ತು, ಯಾಕೆಂದರೆ ಯಾರಿಗೂ ಬೇಕಾಗಿರಲಿಲ್ಲ. ತಿಂಗಳಿಗೊಮ್ಮೆ ಕರೆಂಟೂ ಮೌನವೂ ಒಂದೇ ಮನೆಯಲ್ಲಿ ಇರುವುದು ಅಂದೇ. ಇದನ್ನು ಕಂಡುಕೊಂಡಾಗ ನಂದಕುಮಾರನಿಗೆ ತಾನು ಬುದ್ಧಿವಂತ ಎಂದು ಬಹಳ ದಿನಗಳ ಮೇಲೆ ಅನ್ನಿಸಿತ್ತು. ಮೌನದಲ್ಲಿ ಹಾಡಿಬಿಟ್ಟರೆ ಸೋಸುವುದೇ ಬೇಡ. ಆದರೂ ಒಂದು ಅಳುಕಿತ್ತು. ಹಾಡು ಹುಟ್ಟಿದ ದಿನ, ನಲ್ಲೂರಿನ ಹುಣಸೆ ತೋಪಿನಲ್ಲಿ, ಹೊಟ್ಟೆ ಬಿರಿದ ಮರವೊಂದಕ್ಕೆ ಒರಗಿ ಚೌಡೇಶನಿಗೆ ಅದನ್ನು ಮೊದಲ ಸಲ ಹಾಡಿ ತೋರಿಸಿದಾಗ, "ಚೆನ್ನಾಗಿದೆ ಕಣೋ, ಆದ್ರೆ ತಾಳ ಎತ್ತೆತ್ಲೋ ಹೋಗ್ತಿದೆಯಲ್ಲ" ಎಂದು ಚೌಡೇಶ ಹೇಳಿದ್ದ. ಮನೆಗೆ ಬಂದು ಹಾಡಿದಾಗ ತಾಳ ಸರಿಯಾಗಿತ್ತು. ಆ ತೋಪಿನ ಹವೆಯೇ ಹಾಗೆ, ಹಳೆಯ ಮರಗಳಲ್ಲಿ ಏನೇನಿರುತ್ತದೋ ಎಂದು ಇಬ್ಬರೂ ಒಪ್ಪಿಕೊಂಡು ಬೀಡಿ ಹಚ್ಚಿದ್ದರು.

ಅಮಾವಾಸ್ಯೆಯ ಬೆಳಗ್ಗೆ ಪೂಜೆಯ ಗಂಟೆ ನಿಂತ ಮೇಲೆ ನಂದಕುಮಾರ್ ನೂಲಿನ ಕೋಣೆಯ ಬಾಗಿಲು ಹಾಕಿಕೊಂಡ. ಕಿಟಕಿಗೆ ನೂಲಿನ ಚೀಲ ಅಡ್ಡ ಇಟ್ಟ. ಪರದೆಯ ಮೇಲೆ ಕೆಂಪು ಚುಕ್ಕೆ ಮಿನುಗಿತು, ಯಂತ್ರ ಕೇಳಿಸಿಕೊಳ್ಳುತ್ತಿತ್ತು. ಅದರ ಜೊತೆ ಅವನೂ ಕೇಳಿಸಿಕೊಂಡ. ಹಿತ್ತಿಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಳಗೆ ವಾಣಿಶ್ರೀ ಒಗ್ಗರಣೆ ಹಾಕಿದಳು. ಎದುರುಮನೆಯ ಜಗುಲಿಯಲ್ಲಿ ಪಿಳ್ಳಪ್ಪ ಕೆಮ್ಮಿ, ಉಗಿದು, ಬೆಂಕಿಕಡ್ಡಿ ಗೀರಿದ. ಗೀರಿದ್ದು ಇಲ್ಲಿಗೆ ಕೇಳಿಸಿತು. ಇದೊಂದನ್ನು ಅವನು ಯೋಚಿಸಿಯೇ ಇರಲಿಲ್ಲ: ಬೀದಿಯ ಕಡ್ಡಿ ಇಲ್ಲಿಗೆ ಕೇಳಿಸಿದರೆ ಇಲ್ಲಿಯ ಗಂಟಲು ಬೀದಿಗೂ ಕೇಳಿಸುತ್ತದೆ. ಬಾಳೆಲ್ಲ ಅವನು ಹಾಡಿದ್ದು ಮಗ್ಗದ ಮರೆಯಲ್ಲಿ. ಈ ಬೀದಿಯಲ್ಲಿ ಗಂಡ ಹೆಂಡಿರು ಜಗಳವಾಡುವುದು, ಮುದುಕರು ದೇವರನ್ನು ಬೈಯುವುದು, ಸೊಸೆಯರು ಅಳುವುದು ಎಲ್ಲವೂ ಆ ಮರೆಯಲ್ಲೇ. ಅಮಾವಾಸ್ಯೆಯ ದಿನ ಎಲ್ಲರೂ ಮೆತ್ತಗೆ ಮಾತಾಡುವುದು ಬರೀ ಭಕ್ತಿಯಿಂದಲ್ಲ. ಆದರೆ ಕೆಂಪು ಚುಕ್ಕೆ ಮಿನುಗುತ್ತಿತ್ತು, ಇನ್ನೊಂದು ಅಮಾವಾಸ್ಯೆಯವರೆಗೆ ಚೌಡೇಶ ಕಾಯುವವನಲ್ಲ. ನಂದಕುಮಾರ್ ಹಾಡಿದ.

ಮೊದಲ ಸಾಲು ಹೊರಗೆ ಬಂದು ನಿಂತುಕೊಂಡಿತು, ಊರಿಗೆ ಹೊಸಬನ ಹಾಗೆ. ಎರಡನೆಯ ಸಾಲಿಗೆ ಎಲ್ಲಿ ಕಾಲಿಡಬೇಕೋ ತಿಳಿಯಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲು ಚಾಚಿದರೆ ಬಯಲು ಸಿಕ್ಕ ಹಾಗೆ ಧ್ವನಿ ಎಡವಿತು. ತೊಡೆಯ ಮೇಲೆ ತಾಳ ಹಾಕಿಕೊಂಡ. ಕೈಯೂ ಏನನ್ನೋ ಕಾಯುತ್ತಿತ್ತು. ಹೊರಗೆ ಯಾರದೋ ಮನೆಯ ರೇಡಿಯೋ ಸಣ್ಣಗಾಯಿತು. ಆಮೇಲೆ ಪಿಳ್ಳಪ್ಪನ ಧ್ವನಿ: "ಯಾರ್ಲಾ ಅದು ಅಳ್ತಿರೋದು, ಅಮಾಸೆ ದಿನ?"

"ಅಳ್ತಿಲ್ಲ ಕಣಣ್ಣಾ, ಹಾಡು" ಎಂದಳು ಒಬ್ಬ ಹೆಂಗಸು. "ಕೋದಂಡಪ್ಪನೋರ ಮಗ."

"ಹಾಡಾ! ಹಂಗಾದ್ರೆ ಯಾರಾದ್ರೂ ಸ್ವಲ್ಪ ಬಿಸಿನೀರು ಕೊಡ್ರಮ್ಮಾ."

ಜಗುಲಿಯಿಂದ ಜಗುಲಿಗೆ ನಗು ದಾಟಿ ಹೋದದ್ದು, ಎಷ್ಟು ಮನೆ ದಾಟಿತು ಎಂಬುದೂ ಸೇರಿ, ಕೇಳಿಸಿತು. ನಂದಕುಮಾರ್ ನಿಲ್ಲಿಸಿದ. ನಿಲ್ಲಿಸಿದ್ದೂ ಕೇಳಿಸಿತು. "ನಿಲ್ಲಿಸ್ಬಿಟ್ನಲ್ಲೋ ಪಾಪ!" ಗಾಂಧಿನಗರದ ಹುಡುಗಿಯರ ಕೈಯಲ್ಲಾದರೂ ಸೆರಗಿತ್ತು. ಈಗ ನಿಲ್ಲಿಸಿದರೆ ಸೋತು ನಿಲ್ಲಿಸಿದ ಹಾಗೆ, ಮುಂದುವರಿಸಿದರೆ ಭಂಡನ ಹಾಗೆ. ಬಾಗಿಲು ತೆಗೆದು ಹೊರಗೆ ಹೋದರೆ ಮುಖ, ಒಳಗೇ ಕೂತರೆ ಗಂಟಲು. ಏನು ಮಾಡಿದರೂ ಬೀದಿಗೆ ಸೇರುವುದೇ. ಮತ್ತೆ ಮೊದಲಿನಿಂದ ಹಿಡಿದ. ಧ್ವನಿ ನಡುವೆ ಒಡೆದು ಆಡಿನ ಮರಿಯ ಹಾಗೆ ಅರಚಿತು. ಆಗ ಗೋಡೆಯಾಚೆ ಬರಿಗಾಲಿನ ಹೆಜ್ಜೆ ಕೇಳಿಸಿತು. ಅಪ್ಪನ ಸಣ್ಣ ಕೆಮ್ಮು ಕೇಳಿಸಿತು. ಸ್ವಿಚ್ಚು ಬಿದ್ದ ಸದ್ದು, ಮೋಟರು ಗೊಣಗಿ ಎದ್ದ ಸದ್ದು. ಆಮೇಲೆ ಕೊನೆಯ ಮಗ್ಗ, ಕಿಟಕಿಯ ಪಕ್ಕದ್ದು, ಲಟಕ್ಕು ಪಟಕ್ಕು ಎಂದು ನಡೆಯತೊಡಗಿತು.

ಅಮಾವಾಸ್ಯೆಯ ದಿನ. ಮಗನ ಮದುವೆಯ ಸೀರೆಗಳು ತಡವಾದಾಗಲೂ, ಸೀರೆ ಕೊಳ್ಳುವ ಸೇಟು ಬಾಗಿಲಲ್ಲಿ ನಿಂತು ಕೂಗಾಡಿದಾಗಲೂ ಆ ದಿನ ಸ್ವಿಚ್ಚಿನ ಹಲಗೆಯ ಕಡೆ ಕಣ್ಣೆತ್ತಿ ನೋಡದ ಅಪ್ಪ. ಬಚ್ಚಲಿಂದ ಬರಿಮೈಯಲ್ಲಿ ನಡುಮನೆಗೆ ಬಂದುಬಿಟ್ಟ ಮಗುವಿನ ಮೇಲೆ, ನೆಂಟರು ನೋಡುವ ಮೊದಲು, ಸಿಕ್ಕ ಟವಲು ಎಸೆಯುವ ಹಾಗೆ ಅಪ್ಪ ಆ ಸದ್ದನ್ನು ಅವನ ಮೇಲೆ ಎಸೆದಿದ್ದರು. ಮಗನ ಮಾನವೋ ಮನೆಯ ಮಾನವೋ, ಟವಲಿಗೆ ಆ ಭೇದ ಗೊತ್ತಿರುವುದಿಲ್ಲ. ನಂದಕುಮಾರನಿಗೆ ನಾಚಿಕೆಯಾಯಿತು, ಮತ್ತು ನಾಚಿಕೆಯ ಅಡಿಯಿಂದಲೇ ಹಾಡು ಬಂತು. ಎರಡನೆಯ ಸಾಲಿಗೆ ಕಾಲಿಡುವ ಜಾಗ ಅಲ್ಲೇ ಇತ್ತು, ಹುಟ್ಟಿದಂದಿನಿಂದ ಇದ್ದಲ್ಲೇ. ಲಾಳಿ ಆ ಕಡೆಯಿಂದ ಈ ಕಡೆಗೆ ಬರುವುದರೊಳಗೆ ಉಸಿರು, ಮಗ್ಗದ ಹಲಗೆ ಎಳೆಗೆ ಬಡಿಯುವಲ್ಲಿ ತಾಳದ ಸಮ. ಒಂದೂ ಎಡವಲಿಲ್ಲ. ಹಾಡು ಕೊನೆಯವರೆಗೆ ಹೋಗಿ ತಾನಾಗಿ ನಿಂತಿತು. ಇಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ, ಮತ್ತು ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು.

ಮಗ್ಗ ನಿಂತಾಗ ಪಿಳ್ಳಪ್ಪ ಬಾಗಿಲಿಗೆ ಬಂದಿದ್ದ. "ಏನ್ ಕೋದಂಡಪ್ಪಾ ಇದು! ಅಮ್ಮನೋರ ದಿನ ಮಗ್ಗ ಹಾಕಿದ್ಯಲ್ಲ, ನೀನು!"

"ಇಲಿ ಹೊಕ್ಕಿತ್ತು ಮೋಟರಿಗೆ. ಓಡಿಸ್ದೆ."

"ಇಲಿ ಹಾಡ್ತಾ ಇತ್ತಾ?"

"ಹೂಂ" ಎಂದರು ಕೋದಂಡರಾಮಯ್ಯ, ಮತ್ತು ಬಾಗಿಲು ಮುಂದಕ್ಕೆ ಹಾಕಿದರು.

ಊಟವಾದ ಮೇಲೆ ನಂದಕುಮಾರ್ ಮಗ್ಗದ ಕೋಣೆಗೆ ಇಣುಕಿದಾಗ ಅಪ್ಪ ಕೊನೆಯ ಮಗ್ಗದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬೆಳಗ್ಗೆ ಮಗ್ಗ ನಡೆದಷ್ಟು ಹೊತ್ತು ಅದು ಸುಮ್ಮನೆ ನಡೆದಿರಲಿಲ್ಲ. ನೀಲಿ ಸೀರೆಯೊಂದು ಗೇಣುದ್ದ ಬೆಳೆದಿತ್ತು. ಅಪ್ಪ ಅದನ್ನು ಬಿಚ್ಚುತ್ತಿದ್ದರು. ಅಡ್ಡ ಎಳೆಗಳನ್ನು ಒಂದೊಂದಾಗಿ ಸೂಜಿಯಿಂದ ಎತ್ತಿ, ಎಳೆದು, ಪಕ್ಕದ ಬುಟ್ಟಿಗೆ ಹಾಕುತ್ತಿದ್ದರು. ಬಟ್ಟೆಯಾಗಿದ್ದದ್ದು ಮತ್ತೆ ಬರೀ ಉದ್ದದ ಎಳೆಗಳಾಗಿ ನಿಲ್ಲುತ್ತಿತ್ತು. ಅವರು ತಲೆ ಎತ್ತಲಿಲ್ಲ.

"ಹಿಡೀತಾ ಅದು?"

"ಹಿಡೀತು ಅಪ್ಪಾ."

"ಮಗ್ಗಾನೂ?"

"ಹೂಂ."

ಇನ್ನೊಂದು ಎಳೆ ಬುಟ್ಟಿಗೆ ಬಿತ್ತು. "ಅದರಲ್ಲಿ ಸದ್ದು ತೆಗೆಯೋಕೆ ಬರುತ್ತಂತಲ್ಲ. ವಾಣಿ ಹೇಳ್ತಿದ್ಲು. ನಾನು ನನ್ನ ನೇಯ್ಗೆ ಬಿಚ್ತಾ ಇದೀನಿ. ನೀನೂ ಮಗ್ಗ ತೆಗೆದ್ಬಿಡು. ಅಮ್ಮನೋರ ದಿನದ್ದು, ಮನೇಲಿ ಉಳೀಬಾರ್ದು." ಸ್ವಲ್ಪ ತಡೆದು, ಸೂಜಿಯ ತುದಿಯನ್ನೇ ನೋಡುತ್ತ ಹೇಳಿದರು, "ಹಾಡು ಇರ್ಲಿ. ಹಾಡು ಚೆನ್ನಾಗಿದೆ."

ಅಪ್ಪ ಅವನ ಹಾಡಿನ ಬಗ್ಗೆ ಇದುವರೆಗೆ ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ಇಷ್ಟಾಗುತ್ತಿರಲಿಲ್ಲ. ನಂದಕುಮಾರ್ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡ. ಹಿಂದೆಯೇ ಅಪ್ಪ ಬಂದು, ಬೆರಳಿಗೆ ನೀಲಿ ಎಳೆ ಸುತ್ತಿಕೊಂಡು, ಅವನ ಬೆನ್ನ ಹಿಂದೆ ನಿಂತರು. ಅವನು ಮಗ್ಗವನ್ನು ಗುರುತಿಸಿ ಗುಂಡಿ ಒತ್ತಿದ. ಹಸಿರು ಪಟ್ಟಿ ತುಂಬಿತು. ಮಗ್ಗ ಹೋಯಿತು. ತಾಳ ಹೋಯಿತು, ಮೂಳೆ ಹೋಯಿತು. ಬಾವಿಯಲ್ಲಿ ಬಿದ್ದವನು ಕೂಗತೊಡಗಿದ. ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಅಡ್ಡ ಎಳೆ ತೆಗೆದರೆ ಉದ್ದದ ಎಳೆಯಾದರೂ ಉಳಿಯುತ್ತದೆ ಎಂಬ ನಂಬಿಕೆಯಲ್ಲಿ ಅವರು ಪರದೆಯ ಮೇಲಿನ ಅಲೆಗಳನ್ನು ನೋಡುತ್ತ, ಮಗ ನೇಯ್ಗೆ ತಪ್ಪಿಲ್ಲದೆ ಬಿಚ್ಚುವುದನ್ನು ಕಾಯುತ್ತ ನಿಂತಿದ್ದರು. ಇದು ಉಳಿದರೆ ಅಪ್ಪನ ಮಾತು ಉಳಿಯುತ್ತದೆ, ಹಾಡು ಸಾಯುತ್ತದೆ. ಹಿಂದಕ್ಕೆ ಹೋದರೆ ಹಾಡು ಬದುಕುತ್ತದೆ, ಹಿಂದೆ ಅದೇ ರೈಲಿನೊಂದಿಗೆ. ಯಾರು ಓಡಿಸಿದರು, ಯಾವ ದಿನ ಓಡಿಸಿದರು ಎಂಬುದರೊಂದಿಗೆ. ಮಾಡಿದ್ದನ್ನು ವಾಪಸು ತೆಗೆದುಕೊಳ್ಳುವ ಗುಂಡಿಯನ್ನು ಅವನು ಒತ್ತಿದ. ಅಲೆಗಳು ಮೊದಲಿನಂತೆ ದಪ್ಪಗಾದವು. ಕಿವಿಯಲ್ಲಿ ಲಟಕ್ಕು ಪಟಕ್ಕು ಎಂದಿತು.

"ಹೋಯ್ತಾ?" ಅಪ್ಪ ಕೇಳಿದರು.

"ಹೋಯ್ತು ಅಪ್ಪಾ."

ಬೆರಳಿನ ಎಳೆಯನ್ನು ಬಿಡಿಸಿಕೊಳ್ಳುತ್ತ ಅವರು ಹೊರಗೆ ಹೋದರು. ಆ ಸಂಜೆಯೇ ನಂದಕುಮಾರ್ ಮೊದಲನೆಯ ಸಾಫ್ಟ್‌ವೇರನ್ನು ತೆಗೆದುಹಾಕಿ, ಯಾವ ಸದ್ದನ್ನೂ ತೆಗೆಯಲು ಬಾರದ ಎರಡನೆಯದನ್ನು ಹಾಕಿಕೊಂಡ. ಮಾರನೆಯ ದಿನ ಮೊದಲ ಸಿ.ಡಿ.ಯನ್ನೂ ಹೆಡ್‌ಫೋನನ್ನೂ ಚೌಡೇಶನಿಗೆ ಹಿಂತಿರುಗಿಸಿದ. ಹಾಡು ಕಂಪ್ಯೂಟರಿನಲ್ಲಿದೆ. ಮಗ್ಗ ನಿಂತಿರುವಾಗ ಹಾಕಿದರೆ ಅದರ ಹಿಂದಿನ ಸದ್ದೂ ಅಪ್ಪನಿಗೆ ಕೇಳಿಸುತ್ತದೆ, ಆದ್ದರಿಂದ ಮಗ್ಗ ನಡೆಯುವಾಗ ಮಾತ್ರ ಹಾಕುತ್ತಾನೆ. ಆಗ ಅದು ಕೇಳಿಸುವುದಿಲ್ಲ.